ಹತ್ತು ಮನೆಯ ಮೀಟರು

ಮೊನ್ನೆ ಭಾನುವಾರ ಬೆಳಗ್ಗೆ ಕಾರಹಳ್ಳಿ ಕ್ರಾಸಿನ ಟೀ ಅಂಗಡಿ ಗೋಡೆಗೆ ನಿನ್ನ ಸೈಕಲ್ಲು ಒರಗಿತ್ತು. ನೀನು ಬೆಂಚಿನ ಮೇಲೆ ಕೂತು ಟೀಗೆ ಬನ್ನು ಅದ್ದುತ್ತಿದ್ದೆ. ನಾನು ಸುಮ್ಮನೆ ಬಗ್ಗಿ, ಹ್ಯಾಂಡಲ್ ಮೇಲಿನ ಆ ಪುಟ್ಟ ಪೆಟ್ಟಿಗೆ ನೋಡಿದೆ. ಅಬ್ಬಬ್ಬಾ, ಹತ್ತು ಮನೆ! ಚೌಕಾಬಾರ ಆಡಬಹುದು. ವೇಗ, ಸರಾಸರಿ ವೇಗ, ಗರಿಷ್ಠ ವೇಗ, ಎದೆಬಡಿತ, ವ್ಯಾಟು, ಕೇಡೆನ್ಸು, ಏರು ಶೇಕಡಾ ಎಷ್ಟು, ಹತ್ತಿದ್ದು ಎಷ್ಟು ಮೀಟರು, ಕ್ಯಾಲೊರಿ, ಸೆಕೆ ಎಷ್ಟು ಡಿಗ್ರಿ. ಒಂದೊಂದು ಅಂಕಿಯೂ ಸಾಸಿವೆ ಕಾಳಿನಷ್ಟು. ಚಾಳೀಸು ಹಾಕದೆ ನನಗೆ ಒಂದೂ ಕಾಣಲಿಲ್ಲ. ಹಾಕಿಕೊಂಡ ಮೇಲೂ ಒಂದಕ್ಕಾಗಿ ಹುಡುಕಿದೆ, ಸಿಗಲಿಲ್ಲ. ಅಷ್ಟರಲ್ಲಿ ನೀನೇ ತಲೆ ಎತ್ತಿ ಕೇಳಿದೆ:

"ತಾತ, ಟೈಮ್ ಎಷ್ಟಾಯ್ತು?"

ಮೂವತ್ತು ಸಾವಿರ ಕೊಟ್ಟು ತಗೊಂಡೆ ಅಂದೆಯಲ್ಲ ಆ ಪೆಟ್ಟಿಗೆ, ಅದಕ್ಕೆ ನಗು ಬಂತು. ಎಲ್ಲರ ಎದುರಿಗೆ ಹೇಳುವುದು ಚೆನ್ನಾಗಿರಲಿಲ್ಲ. ಅದಕ್ಕೆ ಇಲ್ಲಿ ಹೇಳುತ್ತಿದ್ದೇನೆ.

ಮುಖ ಊದಿಸಿಕೊಳ್ಳಬೇಡ, ಮಗು. ಅವತ್ತು ಸ್ವಲ್ಪ ದೂರ ನಿನ್ನ ಹಿಂದೆಯೇ ಬಂದೆ, ನೋಡಿದ್ದೇನೆ. ಕಾಲಲ್ಲಿ ಕಸುವಿದೆ. ಏರಿನಲ್ಲಿ ಸೀಟು ಬಿಟ್ಟು ಎದ್ದರೂ ಸೈಕಲ್ಲು ಓಲಾಡುವುದಿಲ್ಲ. ಕೆಟ್ಟ ಚಾಳಿ ಒಂದೇ: ನಾಲ್ಕು ತುಳಿತಕ್ಕೊಮ್ಮೆ ಕತ್ತು ಬಗ್ಗುತ್ತದೆ. ಹೊಸ ಸೊಸೆ ಬಂದ ಮನೆಯಲ್ಲಿ ಅತ್ತೆ ಅಡುಗೆಮನೆಗೆ ಇಣುಕುತ್ತಲೇ ಇರುತ್ತಾಳಲ್ಲ, ಹಾಗೆ.

ಹೇಳೋಕೆ ನೀನ್ಯಾರು ಅಂತೀಯೇನೋ. ನಾನು ದೊಡ್ಡಬಳ್ಳಾಪುರದವನು. ನಲವತ್ತು ವರ್ಷ ಪವರ್‌ಲೂಮಿನ ಸದ್ದಿನಲ್ಲೇ ಬದುಕಿದವನು, ಮಾತು ಸ್ವಲ್ಪ ಜೋರು. ಹುಡುಗನಾಗಿದ್ದಾಗ ಸೀರೆ ಗಂಟು ಕ್ಯಾರಿಯರಿಗೆ ಕಟ್ಟಿಕೊಂಡು ಡಬಲ್ ಬಾರಿನ ಸೈಕಲ್ಲು ತುಳಿದೆ, ಹೊಟ್ಟೆಪಾಡಿಗೆ. ಈಗ 66ನೇ ವಯಸ್ಸಿನಲ್ಲಿ ಗೇರಿನ ಸೈಕಲ್ಲು ತುಳಿಯುತ್ತೇನೆ, ಹೊಟ್ಟೆ ಕರಗಲಿ ಅಂತ. ನಡುವೆ ನಾಲ್ಕು ಮೀಟರು ಬದಲಾಯಿಸಿದ್ದೇನೆ. ನಿನ್ನ ಪೆಟ್ಟಿಗೆಯಲ್ಲಿರುವ ಹುಚ್ಚೆಲ್ಲ ನನಗೂ ಹಿಡಿದು ಬಿಟ್ಟಿದ್ದೇ.

ಮಗ್ಗದ ಮನೆಗೆ ಹೊಸಬ ಕೆಲಸಕ್ಕೆ ಬಂದರೆ ಎಲ್ಲವನ್ನೂ ನೋಡುತ್ತಾನೆ. ಲಾಳಿ ಓಡುವುದು ನೋಡುತ್ತಾನೆ, ಮೇಲೆ ಜಕಾರ್ಡಿನ ರಟ್ಟು ತಿರುಗುವುದು ನೋಡುತ್ತಾನೆ, ಬಟ್ಟೆ ಸುತ್ತಿಕೊಳ್ಳುವುದು ನೋಡುತ್ತಾನೆ. ಇಷ್ಟೆಲ್ಲ ನೋಡುವಷ್ಟರಲ್ಲಿ ಪಕ್ಕದಲ್ಲಿ ಎಳೆ ಕಡಿದು ಒಂದು ಗೇಣು ಸೀರೆ ಹಾಳಾಗಿರುತ್ತದೆ. ಹಳಬ ಬಾಗಿಲಲ್ಲಿ ನಿಂತು ಟೀ ಕುಡಿಯುತ್ತಿರುತ್ತಾನೆ. ಆರು ಮಗ್ಗ ಒಟ್ಟಿಗೆ ಬಡಿಯುವ ಆ ಗದ್ದಲದಲ್ಲೂ ನಾಲ್ಕನೆಯದರ ತಾಳ ತಪ್ಪಿದರೆ ಲೋಟ ಇಟ್ಟು ನೇರ ಅದರ ಹತ್ತಿರವೇ ಹೋಗುತ್ತಾನೆ. ಅವನು ನೋಡುವುದು ಕಡಿಮೆ. ನೋಡಿದರೆ ಕೈ ಹಾಕುತ್ತಾನೆ.

ನಿನ್ನ ಪೆಟ್ಟಿಗೆಗೂ ಇದೇ ಅಳತೆ ಇಡು. ಒಂದೊಂದು ಮನೆಯ ಮೇಲೂ ಬೆರಳಿಟ್ಟು ಕೇಳಿಕೋ: ಈ ಅಂಕಿ ಕಂಡ ತಕ್ಷಣ ನನ್ನ ಕೈಯೋ ಕಾಲೋ ಏನಾದರೂ ಬೇರೆ ಮಾಡುತ್ತದಾ? ಗೇರು ಬದಲಾಯಿಸುತ್ತೀಯಾ, ತುಳಿತ ಸಡಿಲಿಸುತ್ತೀಯಾ, ನೀರು ಕುಡಿಯುತ್ತೀಯಾ, ಮನೆ ಕಡೆ ತಿರುಗುತ್ತೀಯಾ? ಹೌದಾದರೆ ಇರಲಿ. "ಸುಮ್ನೆ ಗೊತ್ತಿರಲಿ ಅಂತ" ಅಂದರೆ ತೆಗೆ. ತೆಗೆದರೆ ಕಳೆದುಹೋಗುತ್ತದೆ ಅಂತ ಹೆದರಬೇಡ, ಪರದೆ ಮೇಲೆ ತೋರಿಸದಿದ್ದರೂ ಪೆಟ್ಟಿಗೆ ಎಲ್ಲವನ್ನೂ ಒಳಗೆ ಬರೆದಿಟ್ಟುಕೊಳ್ಳುತ್ತದೆ. ಮನೆಗೆ ಬಂದು ಕಾಲು ಚಾಚಿ ಕೂತು ಫೋನಿನಲ್ಲಿ ನೋಡಿಕೋ, ಯಾರು ಬೇಡ ಅಂದರು?

ಹಿಂದಿನ ಕಾಲದ ಸೈಕಲ್ ಮೀಟರಿಗೆ ಇದ್ದದ್ದು ಒಂದೇ ಮನೆ. 1895ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಕರ್ಟಿಸ್ ವೀಡರ್ ಅನ್ನುವ ಎಂಜಿನಿಯರ್ ಹೆಬ್ಬೆರಳಿನಷ್ಟು ಒಂದು ಯಂತ್ರ ಮಾಡಿದ. ಮುಂದಿನ ಚಕ್ರದ ಕಡ್ಡಿಗೆ ಒಂದು ಮೊಳೆ, ಅಚ್ಚಿನ ಹತ್ತಿರ ಒಂದು ನಕ್ಷತ್ರದ ಗಾಲಿ. ಚಕ್ರ ಸುತ್ತಿದಾಗಲೆಲ್ಲ ಮೊಳೆ ಆ ಗಾಲಿಯನ್ನು ಟಕ್ ಅಂತ ಒಂದು ಹಲ್ಲು ಮುಂದೆ ತಳ್ಳುತ್ತಿತ್ತು. ತೋರಿಸುತ್ತಿದ್ದದ್ದು ಎಷ್ಟು ದೂರ ಬಂದೆ ಅನ್ನುವುದಷ್ಟೇ. ಅದಕ್ಕೇ ಜನ ಮುಗಿಬಿದ್ದು ಕೊಂಡರು. ಅವನ ಕಂಪನಿ ಮುಂದೆ ಇನ್ನೊಂದರ ಜೊತೆ ಸೇರಿ ವೀಡರ್-ರೂಟ್ ಆಯಿತು, ಮಗ್ಗದಲ್ಲಿ ಎಷ್ಟು ಹೊಕ್ಕು ಬಿತ್ತು ಅಂತ ಎಣಿಸುವ ಮೀಟರನ್ನೂ ಮಾಡಿತು. ಇದು ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ನನ್ನ ಮಗ್ಗಕ್ಕೂ ನನ್ನ ಸೈಕಲ್ಲಿಗೂ ನೆಂಟಸ್ತನ ಇದೆಯಲ್ಲ!

ಎಷ್ಟು ಮನೆ ಅನ್ನುವ ಮೊದಲು ಅಂಕಿ ನಿಜವೋ ಸುಳ್ಳೋ ನೋಡಬೇಕು. ನನ್ನ ಮೊದಲ ಮೀಟರು ವೈರಿನದು. ಕಡ್ಡಿಗೆ ಅಯಸ್ಕಾಂತ, ಫೋರ್ಕಿಗೆ ಸೆನ್ಸರು. ಚಕ್ರದ ಒಂದು ಸುತ್ತು ಎಷ್ಟು ಮಿಲಿಮೀಟರ್ ಅಂತ ನಾವೇ ಅದಕ್ಕೆ ಹೇಳಿಕೊಡಬೇಕು. ನಾನು ಹೇಳಲಿಲ್ಲ. ಡಬ್ಬಿಯಿಂದ ಬಂದಾಗ 2155 ಅಂತಿತ್ತು, ಹಾಗೇ ಬಿಟ್ಟೆ. ನನ್ನದು 26 ಇಂಚಿನ ಚಕ್ರ, 1.95 ಟಯರು, ಅದರ ಸುತ್ತಳತೆ 2050ರ ಹತ್ತಿರ. ಮೂರು ತಿಂಗಳು ಊರೆಲ್ಲ ಜಂಬ ಕೊಚ್ಚಿದೆ, ನೂರು ಹೊಡೆದೆ, ನೂರು ಹೊಡೆದೆ ಅಂತ. ಒಂದು ದಿನ ರಸ್ತೆ ಬದಿ ಕಿಲೋಮೀಟರ್ ಕಲ್ಲುಗಳನ್ನು ಎಣಿಸುತ್ತ ಹೋದೆ. ಕಲ್ಲು ಇಪ್ಪತ್ತು ಅಂದರೆ ಮೀಟರು ಇಪ್ಪತ್ತೊಂದು ಅನ್ನುತ್ತಿತ್ತು. ಕಲ್ಲು ಸುಳ್ಳು ಹೇಳುತ್ತಾ? ನನ್ನ ನೂರು ತೊಂಬತ್ತೈದಾಯಿತು.

ಅವತ್ತು ಸಂಜೆ ಜಗಲಿ ಮೇಲೆ ಟಯರಿಗೆ ಸೀಮೆಸುಣ್ಣದ ಗೆರೆ ಎಳೆದೆ. ಗೆರೆ ನೆಲ ಮುಟ್ಟಿದ ಕಡೆ ಒಂದು ಗುರುತು. ಸೈಕಲ್ ಮೇಲೆ ನಾನು ಕೂತು, ಬೀಳದ ಹಾಗೆ ಮೊಮ್ಮಗ ಹಿಡಿದುಕೊಂಡು, ಗೆರೆ ಮತ್ತೆ ನೆಲ ಮುಟ್ಟುವವರೆಗೆ ಮೆಲ್ಲಗೆ ಉರುಳಿಸಿದೆವು. ಅಲ್ಲಿ ಇನ್ನೊಂದು ಗುರುತು. ಸೀರೆ ಅಳೆಯುವ ಟೇಪು ಹಿಡಿದರೆ 2 ಮೀಟರು, ಮೇಲೆ 4 ಸೆಂಟಿಮೀಟರು 6 ಮಿಲಿಮೀಟರು. ಮೈಭಾರ ಟಯರಿನ ಮೇಲೆ ಬಿದ್ದಾಗ ಟಯರು ಸ್ವಲ್ಪ ಕುಗ್ಗುತ್ತದೆ. ಅದಕ್ಕೇ ಕೂತೇ ಅಳೆಯಬೇಕು. ನಿನ್ನದು ಜಿಪಿಎಸ್ಸು, ಆಕಾಶ ನೋಡಿ ದೂರ ಲೆಕ್ಕ ಹಾಕುತ್ತದೆ, ಈ ತಾಪತ್ರಯ ಇಲ್ಲ ಅಂತೀಯ. ಸರಿ. ಆದರೆ ಚಕ್ರಕ್ಕೆ ವೇಗದ ಸೆನ್ಸರು ಹಾಕಿಕೊಂಡಿದ್ದೀಯಲ್ಲ, ಟಯರು ಬದಲಾಯಿಸಿದ ದಿನ ಈ ಅಳತೆ ಸರಿ ಇದೆಯಾ ಅಂತ ಒಮ್ಮೆ ನೋಡು.

ಈಗ ಸರಾಸರಿ ವೇಗದ ವಿಷಯ. ಇದೊಂದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಸಹಿಸಿಕೋ. ನನ್ನ ಎಡ ಮೊಣಕೈ ಮೇಲಿನ ಕಲೆ ಅದರದ್ದೇ.

ಸಂಕ್ರಾಂತಿಗೆ ಮುಂಚಿನ ದಿನಗಳು. ತೂಬಗೆರೆ ಕಡೆಯಿಂದ ಊರಿಗೆ ವಾಪಸ್ ಬರುತ್ತಿದ್ದೆ. ಪರದೆಯಲ್ಲಿ ಸರಾಸರಿ 24.9. ಮನೆ ಸೇರುವುದರೊಳಗೆ 25 ಆಗಲೇಬೇಕು ಅಂತ ಹಟ. ಯಾರಿಗೆ ತೋರಿಸಬೇಕಿತ್ತೋ, ಆ ಶಿವನೇ ಬಲ್ಲ. ಗಂಟೆಗೆ ಮೂವತ್ತರಲ್ಲಿ ಹೋಗುತ್ತಿದ್ದೇನೆ, ಕಣ್ಣು ಆ 9ರ ಮೇಲೆ, ಯಾವಾಗ ಸೊನ್ನೆ ಆಗುತ್ತೋ ಅಂತ. ಮೂವತ್ತರ ವೇಗ ಅಂದರೆ ಸೆಕೆಂಡಿಗೆ ಎಂಟು ಮೀಟರಿಗಿಂತ ಜಾಸ್ತಿ. ಎರಡು ಸೆಕೆಂಡು ಕಣ್ಣು ಕೆಳಗಿದ್ದರೆ ಹದಿನಾರು ಹದಿನೇಳು ಮೀಟರು ಕುರುಡನಾಗಿ ಹೋದ ಹಾಗೆ. ಆ ಹದಿನೇಳು ಮೀಟರಿನಲ್ಲಿ ಒಂದು ಅಜ್ಜಿ ಹುರುಳಿ ಹರಡಿದ್ದಳು. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆಯೇ ಕಣ, ನಿನಗೂ ಗೊತ್ತು. ಬಸ್ಸು ಲಾರಿ ಹರಿದು ಕಾಳು ಬಿಡಲಿ ಅಂತ ರಾಗಿನೂ ಹಾಕುತ್ತಾರೆ, ಹುರುಳಿನೂ ಹಾಕುತ್ತಾರೆ. ರಾಗಿ ಹುಲ್ಲಾದರೆ ಜಾರಿಸುತ್ತದೆ ಅಷ್ಟೇ. ಹುರುಳಿ ಬಳ್ಳಿ ಹಾಗಲ್ಲ, ಹಿಂದಿನ ಗೇರಿಗೆ ಹೆಣೆದುಕೊಂಡಿತು, ಚೈನು ಸಿಕ್ಕಿಹಾಕಿಕೊಂಡಿತು, ನಾನು ಎಡಕ್ಕೆ ಬಿದ್ದೆ.

ಅಜ್ಜಿ ಮೊರ ಹಿಡಿದು ಓಡಿ ಬಂದಳು. ಎಬ್ಬಿಸುತ್ತಾಳೆ ಅಂದುಕೊಂಡೆ.

"ಕಣ್ಣು ಎಲ್ಲಿಕ್ಕೊಂಡಿದ್ದೆ ಅಣ್ಣಾ? ಇಷ್ಟಗಲ ಹಾಕಿದೀನಿ, ಕಾಣಿಸ್ಲಿಲ್ವಾ? ವಯಸ್ಸಾದೋನು ಬೇರೆ!"

ಬೈದು ಮುಗಿಸಿ ಆಮೇಲೆ ನೀರು ಕೊಟ್ಟಳು. ಕುಡಿಗೋಲಿನಿಂದ ಬಳ್ಳಿ ಕುಯ್ದು ಚೈನು ಬಿಡಿಸಿದವಳೂ ಅವಳೇ. ನಾನು ಎದ್ದು ಮೊದಲು ನೋಡಿದ್ದು ಮೊಣಕೈಯನ್ನಲ್ಲ, ಮೀಟರನ್ನು. ಸೈಕಲ್ಲು ನಿಂತರೆ ತಾನೂ ನಿಲ್ಲುವ ಆಟೋ ಪಾಝ್ ಹಾಕಿದ್ದೆನಲ್ಲ, ಅದರ ಪಾಲಿಗೆ ಏನೂ ನಡೆದೇ ಇರಲಿಲ್ಲ. ಪರದೆ ಮೇಲೆ ಇನ್ನೂ ಅದೇ 24.9.

ಸರಾಸರಿ ಅನ್ನುವುದು ಆಗಿಹೋದದ್ದರ ಲೆಕ್ಕ. ಮೂವತ್ತು ಕಿಲೋಮೀಟರ್ ತುಳಿದ ಮೇಲೆ ಅದನ್ನು ಒಂದು ಗೀಟು ಮೇಲೆತ್ತಲು ನೀನು ಜೀವ ತೇಯಬೇಕು. ಅದರ ಗಣಿತವೂ ನೀನು ಅಂದುಕೊಂಡ ಹಾಗಿಲ್ಲ. ನಂದಿ ಬೆಟ್ಟಕ್ಕೆ ಏಳೂವರೆ ಕಿಲೋಮೀಟರ್ ಏರು ಅಂತ ಇಟ್ಟುಕೋ. ಗಂಟೆಗೆ ಹತ್ತರಂತೆ ಹತ್ತಿದೆ, ಮುಕ್ಕಾಲು ಗಂಟೆ ಆಯಿತು. ಮೂವತ್ತರಂತೆ ಇಳಿದೆ, ಕಾಲು ಗಂಟೆ. ಹತ್ತಕ್ಕೂ ಮೂವತ್ತಕ್ಕೂ ನಡುವೆ ಇಪ್ಪತ್ತು ಅಂತ ನೀನು ಲೆಕ್ಕ ಹಾಕಿರುತ್ತೀಯ. ಹದಿನೈದು ಕಿಲೋಮೀಟರಿಗೆ ಒಂದು ಗಂಟೆ, ಬರುವುದು ಹದಿನೈದೇ. ಏರಿನಲ್ಲಿ ಕಳೆದದ್ದನ್ನು ಇಳಿಜಾರು ವಾಪಸ್ ಕೊಡುವುದಿಲ್ಲ. ಕಸಿದುಕೊಳ್ಳುತ್ತೇನೆ ಅಂತ ಹೊರಟವರು ತಿರುವಿನ ತಡೆಗೋಡೆ ಹತ್ತಿರ ಕೂತು ಮಂಡಿಗೆ ನೀರು ಸುರಿದುಕೊಳ್ಳುವುದನ್ನು ನೀನೂ ನೋಡಿದ್ದೀಯ. ಇಳಿಯುವಾಗ ಪರದೆ ನೋಡಲೇ ಬೇಡ. ಗರಿಷ್ಠ ವೇಗದ ಮನೆ ಇದೆಯಲ್ಲ, ಅದನ್ನು ಇವತ್ತೇ ಅಳಿಸು. ಅದನ್ನು ಅಲ್ಲಿಟ್ಟವನ ಕೈ ಬ್ರೇಕಿನ ಮೇಲೆ ನಿಲ್ಲುವುದಿಲ್ಲ.

ವೇಗದ ಮನೆಯನ್ನೂ ತೆಗೆಯಬೇಕಾ ಅಂತ ಕೇಳುತ್ತೀಯ. ಇಟ್ಟುಕೋ, ಆದರೆ ಅದು ಹೇಳುವುದು ನಿನ್ನ ಬಗ್ಗೆ ಅಂತ ನಂಬಬೇಡ. ಆಷಾಢದಲ್ಲಿ ಹೊಸಕೋಟೆಗೆ ಹೋಗಿ ಬಂದು ನೋಡು. ದಾಬಸ್‌ಪೇಟೆಯಿಂದ ಹೊರಟು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಹಾದುಹೋಗುವ ಹೆದ್ದಾರಿ ಇದೆಯಲ್ಲ, ನಮ್ಮಂಥ ಹಳಬರ ಬಾಯಲ್ಲಿ ಇನ್ನೂ 207, ಬೋರ್ಡಿನ ಮೇಲೆ 648. ಹೋಗುವಾಗ ಪಡುವಣ ಗಾಳಿ ಬೆನ್ನಿಗೆ. ಮೂವತ್ತೆರಡು, ಮೂವತ್ತಮೂರು, ನಾನೇ ರಾಜ ಅನ್ನಿಸುತ್ತದೆ. ವಾಪಸ್ ಬರುವಾಗ ಅದೇ ಗಾಳಿ ಎದೆಗೆ. ಅಷ್ಟೇ ತುಳಿದರೂ ಇಪ್ಪತ್ತೊಂದು. ಗಾಳಿಯನ್ನು ಸೀಳುವುದಕ್ಕೆ ಬೇಕಾದ ಕಸುವು ವೇಗದ ಜೊತೆ ಒಂದೇ ಸಮ ಏರುವುದಿಲ್ಲ. ವೇಗ ಎರಡರಷ್ಟಾದರೆ ಅದು ಎಂಟರಷ್ಟಾಗುತ್ತದೆ. ನಿನ್ನಂಥ ಹುಡುಗರು ಆ ಇಪ್ಪತ್ತೊಂದನ್ನು ಮೂವತ್ತು ಮಾಡಲು ಹೋಗಿ ದೇವನಹಳ್ಳಿ ಕೋಟೆ ಹತ್ತಿರ ಬರುವಷ್ಟರಲ್ಲಿ ಹಿಂಡಿದ ಬಟ್ಟೆ ಆಗಿರುತ್ತಾರೆ.

ಅದಕ್ಕೆ ನಿನಗೆ ವೇಗಕ್ಕಿಂತ ಮೊದಲು ಕೇಡೆನ್ಸು ಬೇಕು. ನಿಮಿಷಕ್ಕೆ ಪೆಡಲು ಎಷ್ಟು ಸುತ್ತು ಅನ್ನುವುದು. ನಿನ್ನ ವಯಸ್ಸಿನವರೆಲ್ಲ ದೊಡ್ಡ ಗೇರಿನಲ್ಲಿ ಗಾಣ ತಿರುಗಿಸುತ್ತೀರಿ. ಐವತ್ತೈದು, ಅರವತ್ತು. ಇವತ್ತು ಜಂಬ, ಹತ್ತು ವರ್ಷ ಕಳೆದ ಮೇಲೆ ಮಂಡಿ ಬಿಲ್ಲು ಕಳಿಸುತ್ತದೆ. ಸಮ ರಸ್ತೆಯಲ್ಲಿ ಎಂಬತ್ತರ ಮೇಲೆ, ತೊಂಬತ್ತರ ಹತ್ತಿರ ಹಗುರಾಗಿ ತಿರುಗಿಸುವುದನ್ನು ಕಲಿ. ಅಂಕಿ ಎಪ್ಪತ್ತಕ್ಕೆ ಇಳಿದರೆ ಬೆರಳು ಗೇರಿಗೆ ಹೋಗಬೇಕು. ನೋಡಿದೆ, ಕೈ ಹಾಕಿದೆ, ಆಯಿತು. ಆರು ತಿಂಗಳಲ್ಲಿ ಕಾಲಿಗೇ ಆ ತಾಳ ಗೊತ್ತಾಗುತ್ತದೆ. ಆಗ ಅದನ್ನೂ ತೆಗೆದುಬಿಡು. ನಾನು ತೆಗೆದು ಎಷ್ಟೋ ಕಾಲ ಆಯಿತು.

ನಂದಿ ಏರುವಾಗ ಪರದೆಗೆ ಬೇರೆ ಪುಟ ಮಾಡಿಕೋ. ಬೆಟ್ಟ 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯ ಲೆಕ್ಕ, ಆದರೆ ಭಾನುವಾರ ಬೆಳಗಿನ ಜಾವ ಬೆಂಗಳೂರಿನ ಸೈಕಲ್ಲುಗಳೆಲ್ಲ ದೇವನಹಳ್ಳಿ ದಾಟಿ ಅದನ್ನೇ ಹುಡುಕಿಕೊಂಡು ಬರುತ್ತವೆ. ಆ ಪುಟದಲ್ಲಿ ವೇಗ ಬೇಡ. ಎಂಟು, ಏಳು, ಏಳೂವರೆ ಅಂತ ಅದು ಹೇಳುತ್ತಿದ್ದರೆ ಉಸಿರಿಗಿಂತ ಮೊದಲು ಮನಸ್ಸು ಸೋಲುತ್ತದೆ. ಏರಿನ ಶೇಕಡಾವೂ ಬೇಡ ಅನ್ನುತ್ತೇನೆ, ಅದಕ್ಕೆ ಕಾರಣ ಇದೆ. ಪೆಟ್ಟಿಗೆ ಗಾಳಿಯ ಒತ್ತಡ ಅಳೆದು ಎತ್ತರ ಕಂಡುಹಿಡಿಯುತ್ತದೆ, ಎತ್ತರವನ್ನು ದೂರಕ್ಕೆ ಹೋಲಿಸಿ ಏರು ಎಷ್ಟು ಅನ್ನುತ್ತದೆ. ಅಷ್ಟು ಮಾಡುವಷ್ಟರಲ್ಲಿ ಕೆಲವು ಸೆಕೆಂಡು ಕಳೆದಿರುತ್ತದೆ. ತಿರುವಿನ ಒಳಮಗ್ಗುಲಲ್ಲಿ ತೊಡೆ ಉರಿದು, ತಿರುವು ದಾಟಿ, ಉಸಿರು ಬಿಟ್ಟ ಮೇಲೆ ಪರದೆ ಹೇಳುತ್ತದೆ: ಹನ್ನೊಂದು ಪರ್ಸೆಂಟು. ಗೊತ್ತಪ್ಪ, ಈಗ ತಾನೇ ಗೊತ್ತಾಯಿತು! ಇನ್ನೊಂದು. ಮೋಡ ಕವಿದು ಗಾಳಿಯ ಒತ್ತಡ ಇಳಿದರೆ ನೀನು ನಿಂತಲ್ಲೇ ನಿಂತಿದ್ದರೂ ಪೆಟ್ಟಿಗೆ ಮೇಲೆ ಹತ್ತಿದೆ ಅನ್ನುತ್ತದೆ. ನಂದಿಯ ನೆತ್ತಿ 1,478 ಮೀಟರು. ಅಲ್ಲಿ ನಿಂತು ನಿನ್ನ ಪರದೆ ನೋಡು, ಅದರ ಬಂಡವಾಳ ಗೊತ್ತಾಗುತ್ತದೆ.

ಹಾಗಾದರೆ ಏರಿನಲ್ಲಿ ಏನಿಡಲಿ? ತಳದಲ್ಲಿ ಲ್ಯಾಪ್ ಗುಂಡಿ ಒತ್ತು, ಅಲ್ಲಿಂದ ಎಣಿಕೆ ಹೊಸದಾಗಿ ಶುರುವಾಗಲಿ. ಆ ಲ್ಯಾಪಿನ ದೂರ ಒಂದು, ಎದೆಬಡಿತ ಒಂದು, ಸಾಕು. ಮೊದಲ ಎರಡು ಕಿಲೋಮೀಟರಿನಲ್ಲಿ ಎದೆಬಡಿತ ಎಲ್ಲಿರಬೇಕು ಅಂತ ಮೊದಲೇ ತೀರ್ಮಾನ ಮಾಡಿಕೋ. ಎದೆಬಡಿತವೂ ಸೋಮಾರಿ ಕಣೋ, ತುಳಿತ ಜೋರಾದ ಎಷ್ಟೋ ಹೊತ್ತಿಗೆ ನಿಧಾನಕ್ಕೆ ಎದ್ದು ಬರುತ್ತದೆ. ಶುರುವಿನಲ್ಲಿ ಕಡಿಮೆ ಇದೆ ಅಂತ ಮೆಟ್ಟಿದರೆ ಆಮೇಲೆ ಬಡ್ಡಿ ಸಮೇತ ವಸೂಲಿ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ ಅಂತ ಎಲ್ಲರೂ ಹೇಳುತ್ತಾರೆ. ಆ ಲೆಕ್ಕದಲ್ಲಿ ನನ್ನದು 154. ನಂದಿಯ ಕೊನೇ ತಿರುವುಗಳಲ್ಲಿ ನನ್ನ ಎದೆಪಟ್ಟಿ 165 ತೋರಿಸಿದೆ, ನಾನು ಇನ್ನೂ ಇದ್ದೇನೆ. ಅದು ಊರಿಗೆಲ್ಲ ಒಂದೇ ಅಳತೆಯಲ್ಲಿ ಹೊಲಿದ ಅಂಗಿ, ಒಬ್ಬೊಬ್ಬರಿಗೂ ಆಚೀಚೆ ಆಗುತ್ತದೆ. ನಿನ್ನ ಅಳತೆ ನೀನೇ ನಾಲ್ಕಾರು ಸಲ ಹತ್ತಿ ತಿಳಿದುಕೊಳ್ಳಬೇಕು. ಆದರೆ ಎದೆ ಹಿಡಿದರೆ, ಕಣ್ಣು ಕತ್ತಲಿಟ್ಟರೆ ಅಂಕಿ ಎಷ್ಟೇ ಇರಲಿ, ಇಳಿದು ನೆರಳಲ್ಲಿ ಕೂತು ಯಾರನ್ನಾದರೂ ಕರೆ. ಇದರಲ್ಲಿ ತಮಾಷೆ ಇಲ್ಲ.

ವ್ಯಾಟು ಒಳ್ಳೆಯದೇ. ನೀನು ಪೆಡಲಿಗೆ ಹಾಕುವ ಕಸುವನ್ನು ಅದು ಆ ಗಳಿಗೆಯಲ್ಲೇ ಹೇಳುತ್ತದೆ, ಗಾಳಿ ಬಂತು ಏರು ಬಂತು ಅಂತ ನೆಪ ಹೇಳುವುದಿಲ್ಲ. ಅಂಕಿ ಕೋತಿಯ ಹಾಗೆ ಜಿಗಿಯುತ್ತದೆ, ಅದಕ್ಕೆ ಮೂರು ಸೆಕೆಂಡಿನ ಸರಾಸರಿ ಇಟ್ಟುಕೋ. ಆದರೆ ಕೋಚೋ ಕ್ರಮವೋ ಇಲ್ಲದೆ ಬರೀ ನೋಡುವುದಕ್ಕೆ ಅಂತಾದರೆ, ದಿನಾ ತಕ್ಕಡಿ ಮೇಲೆ ನಿಂತು ಊಟ ಬದಲಾಯಿಸದ ನಮ್ಮ ಭಾವನಿಗೂ ನಿನಗೂ ವ್ಯತ್ಯಾಸ ಏನು?

ಕ್ಯಾಲೊರಿಯ ಮನೆ ನೋಡಿ ಮಾತ್ರ ಹೊಟ್ಟೆ ಹಿಡಿದು ನಕ್ಕೆ. ಬೆಳಗಿನ ಜಾವ ಕತ್ತಲಲ್ಲಿ ಹೊಸಕೋಟೆಗೆ ತುಳಿದು, ಸೂರ್ಯ ಹುಟ್ಟುವ ಮುಂಚೆ ದಮ್ ಬಿರಿಯಾನಿಗೆ ಸಾಲಿನಲ್ಲಿ ನಿಲ್ಲುವ ಸೈಕಲ್ ಪಡೆ ಇದೆಯಲ್ಲ, ಅದರಲ್ಲಿ ನೀನೂ ಒಬ್ಬ. ಪೆಟ್ಟಿಗೆ 900 ಅಂತು, ಎರಡು ಪ್ಲೇಟು ಧಾರಾಳವಾಗಿ ತಿನ್ನಬಹುದು ಅಂತ ನೀನು ಅಂದುಕೊಂಡೆ. ವ್ಯಾಟಿನ, ಎದೆಬಡಿತದ ಸೆನ್ಸರು ಹಾಕದ ದಿನ ಅದು ಹೇಳುವ ಕ್ಯಾಲೊರಿ ಬರೀ ಅಂದಾಜು, ಅದೂ ಉದಾರಿ ಮಾವನ ಅಂದಾಜು. ತಿನ್ನು, ನಿನ್ನ ವಯಸ್ಸು ತಿನ್ನುವ ವಯಸ್ಸೇ. ಪೆಟ್ಟಿಗೆಯ ಅಪ್ಪಣೆ ಯಾಕೆ? ಸೆಕೆ ಎಷ್ಟು ಡಿಗ್ರಿ ಅನ್ನುವುದೂ ಅಷ್ಟೇ. ಬಿಸಿಲಿಗೆ ಕಾದ ಪೆಟ್ಟಿಗೆ ತನ್ನ ಮೈ ಬಿಸಿಯನ್ನೇ ಊರಿನ ಸೆಕೆ ಅನ್ನುತ್ತದೆ.

ಇನ್ನು ಗಂಟೆ. ನಾನು ಅವತ್ತಿನಿಂದ ಹೇಳಬೇಕು ಅಂತಿರುವುದು ಇದೇ.

58ನೇ ವಯಸ್ಸಿನಲ್ಲಿ ಒಂದು ಬ್ರೆವೆ ಮಾಡಿದೆ, 200 ಕಿಲೋಮೀಟರಿನದು. ನಿನಗೂ ಆ ಆಸೆ ಇದೆ ಅಂತ ಗೊತ್ತು. ಅದು ರೇಸಲ್ಲ, ಗಡುವು ಇರುವ ದೂರದ ಪ್ರಯಾಣ. ನಿಯಮ ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪಾರಿಸಿಯೆನ್‌ನವರದು: 200ಕ್ಕೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಬೆಳಗ್ಗೆ 6ಕ್ಕೆ ಹೊರಟೆವು. ನನ್ನ ಪರದೆಯಲ್ಲಿ ಸರಾಸರಿ ವೇಗ, ಓಡಿದ ಹೊತ್ತು, ದೂರ. 160 ಕಿಲೋಮೀಟರಿಗೆ ಓಡಿದ ಹೊತ್ತು ಸರಿಯಾಗಿ 8 ಗಂಟೆ, ಸರಾಸರಿ 20. ಆಹಾ, ಇನ್ನು ನಲವತ್ತು, ಎರಡು ಗಂಟೆಯ ಮಾತು, ಹತ್ತು ಗಂಟೆಯಲ್ಲಿ ಮುಗಿಸುತ್ತೇನೆ ಅಂತ ಎಳನೀರಿನವನ ಹತ್ತಿರ ಮತ್ತೆ ನಿಂತೆ. ಆ ಎಳನೀರಿನವನೇ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ: "ಐದು ಗಂಟೆ ಮೇಲಾಯ್ತು, ಗಾಡಿ ಕಟ್ತೀನಿ."

ಐದು ಗಂಟೆ? ಐದೂ ಹತ್ತು. ಹೊರಟು 11 ಗಂಟೆ 10 ನಿಮಿಷ ಆಗಿತ್ತು. ತಟ್ಟೆ ಇಡ್ಲಿಗೆ ನಿಂತದ್ದು, ಪಂಕ್ಚರಿಗೆ ಕೂತದ್ದು, ಊಟ ಮಾಡಿ ಹುಣಸೆಮರದ ಕೆಳಗೆ ಐದೇ ನಿಮಿಷ ಅಂತ ಕಣ್ಣು ಮುಚ್ಚಿದ್ದು, ಎಲ್ಲ ಸೇರಿ 3 ಗಂಟೆ 10 ನಿಮಿಷ. ಅದೊಂದೂ ನನ್ನ ಪರದೆಯಲ್ಲಿ ಇರಲಿಲ್ಲ, ಸೈಕಲ್ಲು ನಿಂತಾಗೆಲ್ಲ ಅದೂ ಗಡಿಯಾರ ನಿಲ್ಲಿಸಿಕೊಂಡಿತ್ತಲ್ಲ. ಮುಂದಿನ ಕಿಲೋಮೀಟರುಗಳನ್ನು ಹೇಗೆ ತುಳಿದೆ ಅಂತ ಕೇಳಬೇಡ. ಕತ್ತಲು, ಬಣ್ಣ ಬಳಿಯದ ರೋಡ್ ಹಂಪುಗಳು, ಹಿಂದೆ ಹಾರನ್ನು. ಗಡುವಿಗೆ ಒಂಬತ್ತು ನಿಮಿಷ ಇರುವಾಗ ಕಾರ್ಡಿಗೆ ಸೀಲು ಬಿತ್ತು. ಸೀಲು ಒತ್ತಿದ ಹುಡುಗಿ "ಅಂಕಲ್, ಸೂಪರ್" ಅಂದಳು. ನನಗೆ ಮಾತು ಹೊರಡಲಿಲ್ಲ.

ಅದಕ್ಕೇ ದೂರ ಹೋಗುವ ದಿನದ ಪುಟದಲ್ಲಿ ಮೇಲೆ ದೊಡ್ಡದಾಗಿ ಗಂಟೆ ಎಷ್ಟು ಅನ್ನುವುದು ಇರಲಿ. ಅದರ ಕೆಳಗೆ ಹೊರಟಾಗಿನಿಂದ ಕಳೆದ ಒಟ್ಟು ಹೊತ್ತು, ನಿಂತದ್ದೂ ಸೇರಿ. ಆಮೇಲೆ ದೂರ. ಬಂದದ್ದು ಬೇಕೋ ಉಳಿದದ್ದು ಬೇಕೋ ಅನ್ನುವುದು ನಿನ್ನ ಸ್ವಭಾವ. ನನಗೆ ಉಳಿದದ್ದನ್ನು ನೋಡಿದರೆ ಕಾಲು ಭಾರ ಆಗುತ್ತದೆ, ಬಂದದ್ದೇ ಇಟ್ಟುಕೊಳ್ಳುತ್ತೇನೆ. ನಮ್ಮ ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತಿ ಆದವರೊಬ್ಬರಿದ್ದಾರೆ, ಅವರಿಗೆ ಉಳಿದದ್ದೇ ಬೇಕು, ಸಾಲ ತೀರುತ್ತಿದೆ ಅನ್ನಿಸುತ್ತದಂತೆ. ಸಂಜೆ ಮಾಡಿಕೊಳ್ಳುವ ಅಭ್ಯಾಸ ಇದ್ದರೆ ಸೂರ್ಯ ಮುಳುಗುವ ಹೊತ್ತನ್ನೂ ಇಡು, ಪೆಟ್ಟಿಗೆಯ ಬ್ಯಾಟರಿ ಎಷ್ಟಿದೆ ಅನ್ನುವುದನ್ನೂ. ನಕ್ಷೆಗೆ ಬೇರೆ ಪುಟ. ಒಂದು ಪುಟದಲ್ಲಿ ಮೂರು, ಬಹಳ ಅಂದರೆ ನಾಲ್ಕು ಮನೆ. ಮನೆ ಕಡಿಮೆ ಆದರೆ ಅಂಕಿ ದಪ್ಪ ಆಗುತ್ತದೆ. ಹಂಪಿನ ಮೇಲೆ ಕುಲುಕಿದರೂ ಒಂದು ಕಣ್ಣೋಟಕ್ಕೆ ಸಿಗುತ್ತದೆ. ನಿನಗೂ ಒಂದು ದಿನ ಚಾಳೀಸು ಬರುತ್ತದೆ, ಮರಿ.

ಈ ಬ್ರೆವೆ ಕಥೆಯನ್ನು ನಮ್ಮ ಮನೆಯವಳ ಹತ್ತಿರ ಅವತ್ತು ರಾತ್ರಿ ದೊಡ್ಡದು ಮಾಡಿ ಹೇಳಿದೆ. ಬಿಸಿನೀರು ಕಾಯಿಸುತ್ತ ಕೇಳಿಸಿಕೊಂಡಳು. "ಅಷ್ಟೆಲ್ಲ ತೋರಿಸೋ ಮೀಟರು ಮನೆಗೆ ಎಷ್ಟೊತ್ತಿಗೆ ಬರ್ತೀರ ಅಂತ ತೋರಿಸಲ್ವಾ?" ಅಂದಳು. ಅವಳ ಪ್ರಶ್ನೆಗೂ ಈಗಿನ ಪೆಟ್ಟಿಗೆಗಳಲ್ಲಿ ಒಂದು ಮನೆ ಇದೆ, ದಾರಿ ಹಾಕಿಕೊಂಡರೆ ತಲುಪುವ ಹೊತ್ತು ತೋರಿಸುತ್ತದೆ. ಅವಳಿಗೆ ಇನ್ನೂ ಹೇಳಿಲ್ಲ.

ಬರುವ ಭಾನುವಾರ ನಂದಿ ಇಳಿದವನು ಹಾಗೇ ದೊಡ್ಡಬಳ್ಳಾಪುರದ ಕಡೆಗೆ ಬಾ. ಜಗಲಿ ಮೇಲೆ ಕೂತು ನಿನ್ನ ಮನೆಗಳನ್ನು ಒಂದೊಂದಾಗಿ ಖಾಲಿ ಮಾಡಿಸೋಣ. ಟೇಪು, ಸೀಮೆಸುಣ್ಣ ನನ್ನ ಹತ್ತಿರ ಇದೆ. ನಾಲ್ಕನೇ ಮನೆಗೆ ಏನಿಡುವುದು ಅಂತ ಜಗಳ ಬೇಕಾದರೂ ಆಡೋಣ. ಎಂಟೂವರೆ ಮೇಲೆ ಬಂದರೆ ಇಡ್ಲಿ ಆರಿರುತ್ತದೆ, ಬಿಸಿ ಮಾಡಿ ಕೊಡಲ್ಲ ಅಂತ ನಮ್ಮವಳು ಈಗಲೇ ಹೇಳಿದ್ದಾಳೆ. ಗಂಟೆ ಎಷ್ಟು ಅಂತ ದಾರಿಯಲ್ಲಿ ಯಾರನ್ನಾದರೂ ಕೇಳಿಕೊಂಡು ಬಾ.